ಜಾಗ ಸಾಲದ ಮನೆಗೆ ಎರಡನೆಯ ಬೆಕ್ಕು

(ಮುಂಬಯಿಯ ಉಪನಗರದ ಕನ್ನಡ ಬಳಗವೊಂದರಲ್ಲಿ ಪಶುವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಸಭೆಯಲ್ಲಿರುವ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ.

ಮುಂಬಯಿಯ ಮನೆಗಳಿಗೆ ಮೊದಲನೆಯ ಬೆಕ್ಕು ಬಹುಮಟ್ಟಿಗೆ ನಾಲ್ಕು ಜನ ಕೂತು ಮಾತಾಡಿದ ಮೇಲೆ ಬರುತ್ತದೆ. ಎರಡನೆಯದು ಯಾರನ್ನೂ ಕೇಳದೆ ಬರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸೊಸೈಟಿಯ ಮೀಟರ್ ಕೋಣೆಯಲ್ಲೋ ನಿಲ್ಲಿಸಿದ ಕಾರಿನ ಎಂಜಿನ್ ಸಂದಿಯಲ್ಲೋ ಮರಿಯೊಂದು ರಾತ್ರಿಯಿಡೀ ಕೂಗುತ್ತದೆ, ಬೆಳಗಾಗುವಷ್ಟರಲ್ಲಿ ಮನೆಯ ಮಗಳು ಅದನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಮೇಲೆ ತಂದಿರುತ್ತಾಳೆ. ಆ ಮನೆಯಲ್ಲಿ ಆಗಲೇ ನಾಲ್ಕೈದು ವರ್ಷಗಳಿಂದ ಒಂದು ಬೆಕ್ಕು ಇರುತ್ತದೆ. "ಪಾಪ, ಇದಕ್ಕೂ ಒಂದು ಜೊತೆಯಾಯಿತು" ಎಂದು ಮನೆಯವರು ಮರಿಯನ್ನು ಹಾಲ್‌ನ ಮಧ್ಯದಲ್ಲಿ ಇಳಿಸುತ್ತಾರೆ. ಅಲ್ಲಿಂದ ಮುಂದಿನ ಅರ್ಧ ನಿಮಿಷದಲ್ಲಿ ನಡೆಯುವುದನ್ನು ಸರಿಪಡಿಸಲು ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕಾಗುತ್ತದೆ, ಮತ್ತು ಅಂಥ ಮನೆಯವರೇ ನನ್ನ ಬಳಿಗೆ ಹೆಚ್ಚಾಗಿ ಬರುವುದರಿಂದ ಇಂದಿನ ಮಾತಿಗೆ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಹೊಸ ಬೆಕ್ಕನ್ನು ಹಳೆಯದಕ್ಕೆ ಪರಿಚಯಿಸುವ ಕ್ರಮವನ್ನು ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಆದರೆ ಅವರ ಸಲಹೆಗಳೆಲ್ಲ ಒಂದು ಕೋಣೆಯನ್ನು ಪೂರ್ತಿ ಖಾಲಿ ಬಿಡಬಲ್ಲ ಮನೆಗಳಿಗೆ ಹೊಂದುವಂಥವು. ಇಲ್ಲಿ ಕುಳಿತವರಲ್ಲಿ ಅನೇಕರದು ಒಂದು ಬೆಡ್‌ರೂಮಿನ ಮನೆ, ಕೆಲವರದು ಚಾಳಿನ ರೂಮ್-ಕಿಚನ್. ಅಂಥ ಮನೆಗೆ ನಾನು ಹೇಳುವುದು ಒಂದೇ ಮಾತು: ಜಾಗವನ್ನು ಹಂಚಲಾಗದ ಕಡೆ ವೇಳೆಯನ್ನು ಹಂಚಬೇಕು. ಇದು ಬರಿಯ ಸಮಜಾಯಿಷಿ ಎನ್ನುವಂತಿಲ್ಲ. ಬೆಕ್ಕಿನ ಸ್ವಭಾವದಲ್ಲೇ ಇದಕ್ಕೆ ಆಧಾರವಿದೆ, ಮತ್ತು ಆ ಸ್ವಭಾವದಿಂದಲೇ ಮಾತನ್ನು ಆರಂಭಿಸುವುದು ಒಳ್ಳೆಯದು.

ನಮ್ಮ ಮನೆಯ ಬೆಕ್ಕುಗಳ ಮೂಲ ಪಶ್ಚಿಮ ಏಷ್ಯಾದ ಕಾಡುಬೆಕ್ಕು ಎಂಬುದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದಿಂದ ಸ್ಪಷ್ಟವಾಗಿದೆ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ್ದ ಬೆಕ್ಕೊಂದರ ಅಸ್ಥಿಪಂಜರ ಸಿಕ್ಕಿದೆ; ಅದರ ಕಾಲ ಸುಮಾರು 9,500 ವರ್ಷಗಳ ಹಿಂದಿನದು. ಅಷ್ಟು ದೀರ್ಘವಾದ ಸಹವಾಸದ ನಂತರವೂ ಬೆಕ್ಕು ತನ್ನ ಪೂರ್ವಜನ ಒಂದು ಗುಣವನ್ನು ಬಿಟ್ಟಿಲ್ಲ: ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಇಲಿಯೊಂದು ಒಂದು ಹೊಟ್ಟೆಗೆ ಸಾಕಾಗುವಷ್ಟೇ ಇರುವುದರಿಂದ ಹಂಚಿ ತಿನ್ನುವ ಅಭ್ಯಾಸ ಬೆಳೆಯಲು ಅದಕ್ಕೆ ಕಾರಣವೇ ಇರಲಿಲ್ಲ. ತನ್ನ ಬೇಟೆಯ ಎಲ್ಲೆಯೊಳಗೆ ಕಾಲಿಡುವ ಇನ್ನೊಂದು ಬೆಕ್ಕು ಎಂದರೆ ಅದರ ಲೆಕ್ಕದಲ್ಲಿ ನಾಳಿನ ಊಟಕ್ಕೆ ಬಂದ ಕುತ್ತು.

ಇದನ್ನು ಹೇಳಿದಾಗಲೆಲ್ಲ ಯಾರಾದರೊಬ್ಬರು ಸಸೂನ್ ಡಾಕ್‌ನ ಮಾತೆತ್ತುತ್ತಾರೆ. ಅಲ್ಲಿ ಮೀನಿನ ಬುಟ್ಟಿಗಳ ನಡುವೆ ಅಷ್ಟೊಂದು ಬೆಕ್ಕುಗಳು ಒಟ್ಟಿಗೆ ಬದುಕುತ್ತವಲ್ಲ, ನಮ್ಮ ಮನೆಯಲ್ಲಿ ಎರಡಕ್ಕೇನು ಧಾಡಿ ಎಂಬುದು ಅವರ ತಕರಾರು. ತಕರಾರು ನ್ಯಾಯವಾದದ್ದೇ. ಆದರೆ ಆಹಾರ ಹೇರಳವಾಗಿ ಒಂದೇ ಕಡೆ ಸಿಗುವ ಇಂಥ ಸ್ಥಳಗಳಲ್ಲಿ ಗುಂಪಾಗುವ ಬೆಕ್ಕುಗಳು ಬಹುಪಾಲು ತಾಯಿ, ಮಗಳು, ಅಕ್ಕತಂಗಿಯರು. ಅವು ಒಂದರ ಮರಿಗೆ ಇನ್ನೊಂದು ಹಾಲೂಡಿಸುವುದೂ ಉಂಟು. ಹೊರಗಿನ ಬೆಕ್ಕು ಬಂದರೆ ಅದನ್ನು ಅವು ಅಟ್ಟುತ್ತವೆ, ಅಥವಾ ಅದು ಬಹಳ ಕಾಲ ಅಂಚಿನಲ್ಲೇ ಸುಳಿದಾಡಿ ಮೆಲ್ಲನೆ ಒಳಗೆ ಸೇರಿಕೊಳ್ಳುತ್ತದೆ. ಅಲ್ಲದೆ ಅಲ್ಲಿ ಜಗಳವಾದರೆ ಸೋತ ಬೆಕ್ಕು ಓಡಲು ಹತ್ತು ದಾರಿಗಳಿವೆ. ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ಓಡಿದರೆ ಸೋಫಾದ ಕೆಳಗೆ ಮಾತ್ರ. ಇನ್ನೊಂದು ತೊಡಕೂ ಇದೆ. ನಾಯಿಗಳು ಕಚ್ಚಾಡಿದ ಮೇಲೆ ಬಾಲ ತಗ್ಗಿಸಿ, ಮುಖ ನೆಕ್ಕಿ ರಾಜಿಯಾಗುತ್ತವೆ. ಬೆಕ್ಕುಗಳಲ್ಲಿ ಅಂಥ ರಾಜಿಯ ನಡವಳಿಕೆ ತೀರ ಕಡಿಮೆ, ಅವು ಜಗಳವನ್ನು ನಿಭಾಯಿಸುವುದು ಪರಸ್ಪರ ತಪ್ಪಿಸಿಕೊಂಡು ಓಡಾಡುವುದರ ಮೂಲಕ. ಆದ್ದರಿಂದ ಮೊದಲ ದಿನದ ಹೊಡೆದಾಟವನ್ನು "ಆಮೇಲೆ ತಾವೇ ಹೊಂದಿಕೊಳ್ಳುತ್ತವೆ" ಎಂದು ಬಿಡುವುದು ನಾಯಿಗೆ ಹೇಳುವ ಮಾತನ್ನು ಬೆಕ್ಕಿಗೆ ಹೇಳಿದಂತೆ.

ಅಮೆರಿಕದಲ್ಲಿ ಪ್ರಾಣಿ ಆಶ್ರಯಧಾಮದಿಂದ ಬೆಕ್ಕು ತಂದ ಮನೆಗಳನ್ನು ಕುರಿತು 2005ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸುಮಾರು ಅರ್ಧದಷ್ಟು ಮನೆಗಳಲ್ಲಿ ಹೊಸದಕ್ಕೂ ಹಳೆಯದಕ್ಕೂ ಆರಂಭದಲ್ಲೇ ಪರಚಾಟ, ಕಚ್ಚಾಟ ನಡೆದಿತ್ತು; ಮೊದಲ ಭೇಟಿ ಕೆಟ್ಟದಾಗಿದ್ದ ಮನೆಗಳಲ್ಲಿ ಮುಂದೆಯೂ ಜಗಳ ಮುಂದುವರಿಯುವ ಸಂಭವ ಹೆಚ್ಚಿತ್ತು. ಜನ ನನ್ನನ್ನು ಮೊದಲು ಕೇಳುವುದು "ಗಂಡು ತರಲೋ ಹೆಣ್ಣು ತರಲೋ" ಎಂದು. ಎರಡಕ್ಕೂ ಮರಿಯಾಗದಂತೆ ಮಾಡುವ ಆಪರೇಷನ್ ಆಗಿದ್ದರೆ ಆ ಪ್ರಶ್ನೆಗೆ ಹೇಳಿಕೊಳ್ಳುವಂಥ ತೂಕವಿಲ್ಲ. ಆಪರೇಷನ್ ಆಗದ ಗಂಡಿದ್ದರೆ ಮಾತ್ರ ಪರಿಚಯದ ಕೆಲಸ ಶುರುಮಾಡುವ ಮೊದಲೇ ಅದನ್ನು ಮಾಡಿಸಿ, ಹಾರ್ಮೋನಿನ ಪ್ರಭಾವ ಇಳಿಯಲು ಕೆಲವು ವಾರ ಬಿಡಿ. ವಯಸ್ಸಾದ ಬೆಕ್ಕಿದ್ದ ಮನೆಗೆ ಕುಣಿದಾಡುವ ಒಂಟಿ ಮರಿಯನ್ನು ತರುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ, ಏಕೆಂದರೆ ಮರಿಯ ಆಟವೆಲ್ಲ ಆ ಮುದಿ ಬೆಕ್ಕಿನ ಬಾಲದ ಮೇಲೆಯೇ ನಡೆಯುತ್ತದೆ.

ಇನ್ನು ಮೂಗಿನ ವಿಷಯಕ್ಕೆ ಬರುತ್ತೇನೆ. ಇದೇ ಈ ಕೆಲಸದ ಜೀವಾಳ. ಬೆಕ್ಕಿನ ಕೆನ್ನೆ, ಗದ್ದ, ಹಣೆ, ಬಾಲದ ಬುಡ ಮತ್ತು ಅಂಗಾಲಿನಲ್ಲಿ ವಾಸನೆ ಸೂಸುವ ಗ್ರಂಥಿಗಳಿವೆ. ಅದು ನಿಮ್ಮ ಕಾಲಿಗೆ, ಬಾಗಿಲ ಚೌಕಟ್ಟಿಗೆ, ಫ್ರಿಜ್‌ನ ಮೂಲೆಗೆ ಕೆನ್ನೆ ಉಜ್ಜುತ್ತ ಓಡಾಡುವಾಗ ಪ್ರೀತಿ ತೋರಿಸುವುದರ ಜೊತೆಗೆ ಇಡೀ ಮನೆಗೆ ತನ್ನ ವಾಸನೆಯ ಗುರುತನ್ನು ಹಚ್ಚುತ್ತಿರುತ್ತದೆ. ಮೂಗು ಸಾಲದೆಂಬಂತೆ ಅಂಗುಳಿನ ಮೇಲ್ಗಡೆ ಜೇಕಬ್‌ಸನ್ ಅಂಗವೆಂಬ ಇನ್ನೊಂದು ಇಂದ್ರಿಯವೂ ಇದೆ. ಬೆಕ್ಕು ಏನನ್ನೋ ಮೂಸಿ ಬಾಯಿ ಅರೆತೆರೆದು ಅಸಹ್ಯಪಟ್ಟವರಂತೆ ಮುಖ ಮಾಡುವುದನ್ನು ನೀವೆಲ್ಲ ನೋಡಿರುತ್ತೀರಿ, ಅದು ಆ ಅಂಗಕ್ಕೆ ವಾಸನೆಯನ್ನು ಮುಟ್ಟಿಸುವ ವಿಧಾನ. ಹೀಗಿರುವಾಗ ಅಪರಿಚಿತ ವಾಸನೆಯೂ ಅಪರಿಚಿತ ಆಕಾರವೂ ಒಂದೇ ಕ್ಷಣದಲ್ಲಿ ಎದುರಾದರೆ ಹಳೆಯ ಬೆಕ್ಕು ಬೆದರುವುದು ಸಹಜ. ನಾವು ಮಾಡಬೇಕಾದದ್ದು ಈ ಎರಡನ್ನೂ ಬೇರ್ಪಡಿಸುವುದು: ಹೊಸ ಬೆಕ್ಕಿನ ವಾಸನೆ ಮೊದಲು ಮನೆಯೊಳಗೆ ಬಂದು ಹಳತಾಗಲಿ, ಆಮೇಲೆ ಬೆಕ್ಕು ಕಣ್ಣಿಗೆ ಬೀಳಲಿ.

ಬೀದಿಯಿಂದ ತಂದ ಬೆಕ್ಕನ್ನು ಹೇಗೂ ಎರಡು ವಾರ ಪ್ರತ್ಯೇಕವಾಗಿಡಲೇಬೇಕು, ಏಕೆಂದರೆ ವಾಂತಿಭೇದಿ ತಂದು ಬೆಕ್ಕಿನ ಪ್ರಾಣ ತೆಗೆಯಬಲ್ಲ ಪ್ಯಾನ್‌ಲ್ಯೂಕೋಪೀನಿಯಾ ಮತ್ತು ಬೆಕ್ಕುಗಳ ಶೀತರೋಗಗಳು ಸೋಂಕು ತಗುಲಿದ ಹತ್ತು ಹದಿನಾಲ್ಕು ದಿನಗಳೊಳಗೆ ಬಹುಮಟ್ಟಿಗೆ ಹೊರಗೆ ಕಾಣಿಸಿಕೊಳ್ಳುತ್ತವೆ. ಹಳೆಯ ಬೆಕ್ಕಿನ ಲಸಿಕೆಗಳು ಬಾಕಿ ಉಳಿದಿದ್ದರೆ ಹೊಸದನ್ನು ಮನೆಯೊಳಗೆ ತರುವ ಮೊದಲೇ ಹಾಕಿಸಿ. ಪ್ಯಾನ್‌ಲ್ಯೂಕೋಪೀನಿಯಾದ ವೈರಾಣು ನೆಲದಲ್ಲಿ, ಬಟ್ಟೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಬೆಕ್ಕುಗಳ ಲ್ಯೂಕೀಮಿಯಾ ವೈರಾಣು ಎಂಜಲಿನಿಂದ, ಒಂದೇ ಬಟ್ಟಲಿನಲ್ಲಿ ತಿನ್ನುವುದರಿಂದ ಹರಡುತ್ತದೆ. ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ ಮುಖ್ಯವಾಗಿ ಕಡಿತದಿಂದ ಹರಡುತ್ತದೆ. ಎರಡಕ್ಕೂ ರಕ್ತಪರೀಕ್ಷೆಯುಂಟು, ಆದರೆ ಆರು ತಿಂಗಳೊಳಗಿನ ಮರಿಯಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳ ಕಾರಣ ಎಫ್‌ಐವಿ ಪರೀಕ್ಷೆ ಸುಳ್ಳು ಫಲಿತಾಂಶ ಕೊಡಬಹುದಾದ್ದರಿಂದ ಒಂದೇ ಪರೀಕ್ಷೆ ನೋಡಿ ಮರಿಯನ್ನು ಕೈಬಿಡಬೇಡಿ. ಚಿಗಟ ತೆಗೆಯಲು ನಾಯಿಯ ಔಷಧಿಯನ್ನು ಬೆಕ್ಕಿಗೆ ಹಚ್ಚಲೇಬಾರದು; ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿನ ಪ್ರಾಣಕ್ಕೇ ಸಂಚಕಾರ. ಖಾಸಗಿ ವೈದ್ಯರ ಖರ್ಚು ಭರಿಸುವುದು ಕಷ್ಟವಾದವರು ಪರೇಲ್‌ನಲ್ಲಿ 1883ರಿಂದ ನಡೆದುಬಂದಿರುವ ಬಾಯಿ ಸಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯನ್ನು ನೆನಪಿನಲ್ಲಿಟ್ಟುಕೊಳ್ಳಬಹುದು.

ಪ್ರತ್ಯೇಕವಾಗಿ ಎಲ್ಲಿಡುವುದು? ಬೆಡ್‌ರೂಮ್ ಇದ್ದರೆ ಅಲ್ಲಿ. ಹಳೆಯ ಬೆಕ್ಕು ರಾತ್ರಿ ನಿಮ್ಮ ಕಾಲಬಳಿಯೇ ಮಲಗುವಂಥದ್ದಾದರೆ ಬೆಡ್‌ರೂಮ್ ಅದಕ್ಕೇ ಇರಲಿ, ಹೊಸದನ್ನು ಅಡುಗೆಮನೆಯಲ್ಲಿಡಿ; ಬಂದವರಿಗಾಗಿ ಇದ್ದವರನ್ನು ಎಬ್ಬಿಸಬಾರದು. ಬಾತ್‌ರೂಮ್ ಎರಡು ಮೂರು ದಿನಕ್ಕೆ ಆದೀತು, ಆದರೆ ನಮ್ಮ ಬಾತ್‌ರೂಮ್‌ಗಳ ನೆಲ ಸದಾ ಒದ್ದೆ. ಬಾಗಿಲಿರುವ ಕೋಣೆಯೇ ಇಲ್ಲದ ಕಡೆ ದೊಡ್ಡ ಪಂಜರವೊಂದನ್ನು ತಂದು ಮೂರು ಕಡೆ ಹಳೆಯ ಬೆಡ್‌ಶೀಟ್ ಹೊದಿಸಿ ಮೂಲೆಯಲ್ಲಿಡಬಹುದು. ಒಳಗೆ ಲಿಟರ್ ಟ್ರೇ (ಬೆಕ್ಕಿನ ಮಲಮೂತ್ರಕ್ಕೆ ಮರಳಿನಂಥ ಪುಡಿ ತುಂಬಿದ ತಟ್ಟೆ), ನೀರು, ಅಡಗಲು ಒಂದು ರಟ್ಟಿನ ಪೆಟ್ಟಿಗೆ. ಪಂಜರ ಎಂದೊಡನೆ ಅಯ್ಯೋ ಎನ್ನುವವರಿದ್ದಾರೆ, ಆದರೆ ಹೆದರಿದ ಬೆಕ್ಕಿಗೆ ತೆರೆದ ಹಾಲ್‌ಗಿಂತ ಮುಚ್ಚಿದ ಪೆಟ್ಟಿಗೆಯೇ ಧೈರ್ಯ ಕೊಡುತ್ತದೆ.

ಬೆಕ್ಕು ಬರುವ ಹಿಂದಿನ ದಿನ ಕಿಟಕಿಗಳನ್ನು ನೋಡಿಕೊಳ್ಳಿ. ಹೊಸ ಮನೆಯ ಗಾಬರಿಯಲ್ಲಿ, ಅಥವಾ ಹಳೆಯ ಬೆಕ್ಕು ಅಟ್ಟಿಸಿಕೊಂಡು ಬಂದಾಗ, ಗ್ಯಾಲರಿಯ ಕಟ್ಟೆ ಹಾರುವುದು ಅದಕ್ಕೆ ಒಂದು ಕ್ಷಣದ ಕೆಲಸ. ನಮ್ಮ ಕಟ್ಟಡಗಳಲ್ಲೆಲ್ಲ ಪಾರಿವಾಳಕ್ಕೆಂದು ಕಟ್ಟಿಸುವ ನೈಲಾನ್ ಬಲೆ ಬೆಕ್ಕಿನ ಹಲ್ಲು ಉಗುರುಗಳಿಗೆ ತಡೆಯುವುದಿಲ್ಲ, ಬಿಸಿಲಿಗೆ ಜೀರ್ಣವಾದ ಬಲೆಯಂತೂ ಒಂದೇ ಏಟಿಗೆ ಹರಿಯುತ್ತದೆ. ಲೋಹದ ಜಾಲರಿಯೇ ಆಗಬೇಕು. ಬೆಕ್ಕು ಎಷ್ಟು ಮಹಡಿಯಿಂದ ಬಿದ್ದರೂ ಬದುಕುತ್ತದೆ ಎಂಬ ನಂಬಿಕೆಗೆ 1987ರಲ್ಲಿ ನ್ಯೂಯಾರ್ಕ್‌ನಿಂದ ಬಂದ ಒಂದು ವರದಿಯನ್ನು ತೋರಿಸುವವರಿದ್ದಾರೆ. ಎತ್ತರದಿಂದ ಬಿದ್ದ 132 ಬೆಕ್ಕುಗಳ ವರದಿ ಅದು. ಚಿಕಿತ್ಸೆ ಪಡೆದವುಗಳಲ್ಲಿ ಶೇಕಡಾ 90ರಷ್ಟು ಉಳಿದವು, ನಿಜ. ಆದರೆ ಅವೆಲ್ಲ ಆಸ್ಪತ್ರೆ ತಲುಪಿದ ಬೆಕ್ಕುಗಳು. ಬಿದ್ದಲ್ಲೇ ಸತ್ತವನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ.

ಈಗ ಕೈಗೆ ಒಂದು ಹಳೆಯ ಹತ್ತಿಯ ಟವೆಲ್ ತೆಗೆದುಕೊಳ್ಳಿ. ಒಗೆದದ್ದಿರಲಿ, ಆದರೆ ಪರಿಮಳದ ದ್ರಾವಣದಲ್ಲಿ ಅದ್ದಿದ್ದು ಬೇಡ. ಅದನ್ನು ಎರಡು ತುಂಡು ಮಾಡಿ, ಒಂದರಿಂದ ಹೊಸ ಬೆಕ್ಕಿನ ಕೆನ್ನೆಗಳನ್ನೂ ಕಿವಿಗೂ ಕಣ್ಣಿಗೂ ನಡುವಿನ ಕೂದಲು ವಿರಳವಾದ ಜಾಗವನ್ನೂ ಮೃದುವಾಗಿ ಒರೆಸಿ. ಅದಕ್ಕೆ ಇಷ್ಟವಾದರೆ ತಾನೇ ತಲೆ ಒತ್ತುತ್ತದೆ, ಹಿಂದೆ ಸರಿದರೆ ಬಿಟ್ಟುಬಿಡಿ. ಆ ತುಂಡನ್ನು ಹಳೆಯ ಬೆಕ್ಕಿನ ಮೂಗಿಗೆ ಹಿಡಿಯಬಾರದು. ಅದು ಓಡಾಡುವ ದಾರಿಯಲ್ಲಿ, ಊಟದ ಬಟ್ಟಲಿನಿಂದ ಒಂದೆರಡು ಮಾರು ದೂರದಲ್ಲಿ ನೆಲಕ್ಕೆ ಹಾಕಿ ನೀವು ನಿಮ್ಮ ಕೆಲಸ ನೋಡಿಕೊಳ್ಳಿ. ಬೆಕ್ಕು ಕುತ್ತಿಗೆ ಚಾಚಿ, ಹಿಂಗಾಲನ್ನು ಓಟಕ್ಕೆ ಸಿದ್ಧವಾಗಿಟ್ಟುಕೊಂಡೇ ಮೂಸುತ್ತದೆ. ಬುಸುಗುಟ್ಟಿ ಹಿಂದೆ ಜಿಗಿದರೆ ಟವೆಲನ್ನು ಇನ್ನಷ್ಟು ದೂರಕ್ಕೆ ಸರಿಸಿ. ಮೂಸಿ, ತುಸು ನಿಂತು, ತಿರುಗಿ ಬಂದು ಊಟಕ್ಕೆ ಬಾಯಿ ಹಾಕಿದರೆ ಆ ದಿನದ ಪಾಠ ಮುಗಿಯಿತು. ಟವೆಲಿನ ಮೇಲೆ ತನ್ನ ಕೆನ್ನೆಯನ್ನು ಉಜ್ಜಿದರೆ ನೀವು ಅಂದುಕೊಂಡದ್ದಕ್ಕಿಂತ ಬೇಗ ಮುಂದೆ ಹೋಗಬಹುದು. ಇನ್ನೊಂದು ತುಂಡಿನಿಂದ ಹಳೆಯದರ ವಾಸನೆಯನ್ನು ಹೊಸದಕ್ಕೆ ಇದೇ ರೀತಿ ಮುಟ್ಟಿಸಿ. ಈ ದಿನಗಳಲ್ಲಿ ನೆಲಕ್ಕೆ ಫಿನೈಲ್ ಹಾಕಿ ಒರೆಸುವುದನ್ನು ನಿಲ್ಲಿಸಿ: ಬೆಕ್ಕಿನ ಯಕೃತ್ತಿಗೆ ಅದರಲ್ಲಿರುವ ಫೀನಾಲನ್ನು ಜೀರ್ಣಿಸುವ ಶಕ್ತಿ ಕಡಿಮೆಯಾದ್ದರಿಂದ ಅದು ಯಾವಾಗಲೂ ವಿಷವೇ, ಮೇಲಾಗಿ ಕಷ್ಟಪಟ್ಟು ಬೆರೆಸಿದ ವಾಸನೆಗಳೆಲ್ಲ ಒಂದೇ ಒರೆತಕ್ಕೆ ಅಳಿಸಿಹೋಗುತ್ತವೆ.

ಇದರ ಜೊತೆಜೊತೆಗೇ ಮುಚ್ಚಿದ ಬಾಗಿಲಿನ ಎರಡೂ ಬದಿಗೆ ಊಟ ಕೊಡಬೇಕು. ಮೊದಲು ಬಟ್ಟಲುಗಳು ಬಾಗಿಲಿನಿಂದ ದೂರವಿರಲಿ, ಎರಡೂ ನೆಮ್ಮದಿಯಿಂದ ತಿನ್ನುವುದು ಕಂಡಮೇಲೆ ದಿನಕ್ಕೊಂದು ಗೇಣು ಹತ್ತಿರ ಬರಲಿ. ಇಲ್ಲಿ ಒಣ ಕಾಳಿನ ಆಹಾರ ಸಾಲದು. ಬೇಯಿಸಿದ ಕೋಳಿಯೋ ಮುಳ್ಳು ತೆಗೆದ ಬಂಗುಡೆಯೋ, ಯಾವುದರ ವಾಸನೆಗೆ ನಿಮ್ಮ ಬೆಕ್ಕು ಅಡುಗೆಮನೆಗೆ ಓಡಿ ಬರುತ್ತದೋ ಅದನ್ನೇ ಈ ಹೊತ್ತಿಗಾಗಿ ಮೀಸಲಿಡಿ. ಸಸ್ಯಾಹಾರಿ ಮನೆಯವರು ಅಂಗಡಿಯಲ್ಲಿ ಸಿಗುವ ಮೆತ್ತನೆಯ ಆಹಾರದ ಪೊಟ್ಟಣ ಬಳಸಬಹುದು.

ವೇಳೆಯನ್ನು ಹಂಚುವ ಮಾತು ಈಗ ಬರುತ್ತದೆ. ಪೆನ್ನಿ ಬರ್ನ್‌ಸ್ಟೀನ್ ಮತ್ತು ಮಿಕಿ ಸ್ಟ್ರ್ಯಾಕ್ ಎಂಬಿಬ್ಬರು 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದೇ ಮನೆಯೊಳಗಿನ 14 ಬೆಕ್ಕುಗಳು ಎಲ್ಲೆಲ್ಲಿ, ಯಾವಾಗ ಕೂರುತ್ತವೆಂದು ಗುರುತು ಹಾಕಿಕೊಂಡರು. ಅಷ್ಟು ಬೆಕ್ಕುಗಳಿದ್ದರೂ ಜಗಳ ಬಹಳ ಕಡಿಮೆಯಿತ್ತು, ಏಕೆಂದರೆ ಎಲ್ಲರಿಗೂ ಬೇಕಾದ ಒಂದೇ ಜಾಗವನ್ನು ಬೇರೆ ಬೇರೆ ಬೆಕ್ಕುಗಳು ಬೇರೆ ಬೇರೆ ಹೊತ್ತಿನಲ್ಲಿ ಬಳಸುತ್ತಿದ್ದವು. ಇದು ಮುಂಬಯಿಯವರಿಗೆ ಹೊಸದಲ್ಲ. ಹಿಂದೆ ಪರೇಲ್, ಲಾಲ್‌ಬಾಗ್‌ಗಳಲ್ಲಿ ಗಿರಣಿ ಕಾರ್ಮಿಕರು ಒಂದೇ ಖೋಲಿಯಲ್ಲಿ ಪಾಳಿಯ ಪ್ರಕಾರ ಮಲಗುತ್ತಿದ್ದರು. ಹಗಲಿನವನು ಕೆಲಸಕ್ಕೆ ಹೋದ ಜಾಗದಲ್ಲಿ ರಾತ್ರಿಪಾಳಿಯವನು ಚಾಪೆ ಬಿಡಿಸುತ್ತಿದ್ದ. ಬೆಕ್ಕುಗಳು ತಾವಾಗಿ ಮುಟ್ಟುವ ಇಂಥ ಏರ್ಪಾಟನ್ನು ನಾವು ಆರಂಭದಲ್ಲೇ ಮಾಡಿಕೊಟ್ಟರೆ ಮಧ್ಯದ ಕಾದಾಟ ತಪ್ಪುತ್ತದೆ.

ಭಾಂಡುಪ್‌ನ ಚಾಳೊಂದರ ರೂಮ್-ಕಿಚನ್ ಮನೆಯನ್ನು ಉದಾಹರಣೆಗೆ ಹೇಳುತ್ತೇನೆ. ಗಂಡ ಹೋಟೆಲಿನ ಗಲ್ಲೆಯಲ್ಲಿ ಕೂರುವವರು, ಬೆಳಿಗ್ಗೆ ಐದಕ್ಕೇ ಮನೆ ಬಿಡುತ್ತಾರೆ. ಹೆಂಡತಿ ಒಂಬತ್ತಕ್ಕೆ ಕಚೇರಿಗೆ ಹೊರಡುತ್ತಾರೆ. ಹಗಲೆಲ್ಲ ಮನೆಯಲ್ಲಿರುವವರು ಅತ್ತೆ. ಹಳೆಯ ಬೆಕ್ಕು ಸುಬ್ಬಿ, ಫ್ರಿಜ್‌ನ ಮೇಲಿಂದ ಇಡೀ ಮನೆಯನ್ನು ಆಳುವವಳು. ಹೊಸದಾಗಿ ಬಂದವನು ಕೆಂಚ ಎಂಬ ಹಳದಿ ಮರಿ. ಅಡುಗೆಮನೆಗೆ ಬಾಗಿಲಿತ್ತು, ಅದೇ ನಮ್ಮ ಪುಣ್ಯ. ಕೆಂಚನ ಎರಡು ವಾರದ ಪ್ರತ್ಯೇಕವಾಸ ಮುಗಿದು ಲಸಿಕೆಯಾದ ಮೇಲೆ ದಿನವನ್ನು ಹೀಗೆ ಹಂಚಿದೆವು: ಬೆಳಿಗ್ಗೆ ಅಡುಗೆ ಮುಗಿಯುವವರೆಗೆ ಅವನು ಪಂಜರದಲ್ಲಿ, ಸುಬ್ಬಿ ಹೊರಗೆ ರೂಮಿನಲ್ಲಿ, ಸೊಸೆ ಕಚೇರಿಗೆ ಹೊರಡುವ ಮುನ್ನ ಅದಲುಬದಲು, ಸುಬ್ಬಿ ಅಡುಗೆಮನೆಯಲ್ಲಿ ಅವನ ಹಾಸಿಗೆ, ಅವನ ಟ್ರೇ, ಅವನು ಉಗುರು ಕೆರೆದ ಗೋಣಿಯನ್ನು ಪರೀಕ್ಷಿಸುತ್ತಿದ್ದಾಗ ಅವನು ರೂಮಿನಲ್ಲಿ ಅವಳ ಮಂಚದ ಕೆಳಗೆಲ್ಲ ಸುತ್ತುತ್ತಿದ್ದ, ಮಧ್ಯಾಹ್ನ ಅತ್ತೆ ಮಲಗುವ ಹೊತ್ತಿಗೆ ಮತ್ತೆ ಮೊದಲಿನಂತೆ, ಏಕೆಂದರೆ ಸುಬ್ಬಿ ಮಲಗುವುದು ಅವರ ಪಕ್ಕದಲ್ಲಿ. ಅದಲುಬದಲಾಗುವಾಗ ಒಂದನ್ನು ಬುಟ್ಟಿಯಲ್ಲಿ ಹಾಕಿ ಬಾತ್‌ರೂಮ್‌ನಲ್ಲಿಟ್ಟು, ಇನ್ನೊಂದನ್ನು ದಾಟಿಸಿ, ಆಮೇಲೆ ಮೊದಲಿನದನ್ನು ಬಿಡುತ್ತಿದ್ದರು; ಎರಡರ ಕಣ್ಣು ಕೂಡುವುದಕ್ಕೆ ಅವಕಾಶವೇ ಇರಲಿಲ್ಲ. ಪ್ರತಿ ಬದಲಾವಣೆಗೂ ಒಂದು ತುತ್ತು ಮೀನು. ಒಂದು ದಿನ ಅತ್ತೆಯವರ ಫೋನು: "ಡಾಕ್ಟ್ರೇ, ಸುಬ್ಬಿ ಅವನ ಹಾಸಿಗೆ ಮೇಲೆ ಕಾಲು ಚಾಚಿ ಮಲಗಿಬಿಟ್ಟಿದ್ದಾಳೆ. ಎಬ್ಬಿಸಲೋ, ಬಿಡಲೋ?" "ಬಿಡಿ ಅಮ್ಮಾ, ಅದಕ್ಕೇ ಇಷ್ಟು ದಿನ ಕಾದದ್ದು" ಎಂದೆ. ಪರಸ್ಪರ ಮುಖವನ್ನೇ ನೋಡದ ಎರಡು ಬೆಕ್ಕುಗಳು ಅಷ್ಟರಲ್ಲಿ ಒಂದೇ ವಾಸನೆಯ ಮನೆಯವರಾಗಿದ್ದವು.

ಕಣ್ಣಿಗೆ ಕಾಣಿಸುವ ಹಂತವನ್ನು ಇದಾದ ಮೇಲೆ ಇಟ್ಟುಕೊಳ್ಳಿ. ಬಾಗಿಲನ್ನು ಎರಡು ಬೆರಳಷ್ಟು ತೆರೆದು ಹಿಂದೆ ಮುಂದೆ ಸರಿಯದಂತೆ ಆನಿಸಬಹುದು, ಅಥವಾ ಬಾಗಿಲ ಚೌಕಟ್ಟಿಗೆ ಜಾಲರಿ ಕಟ್ಟಬಹುದು. ಜಾಲರಿಯ ಮೇಲೆ ಮೊದಲು ಒಂದು ಬಟ್ಟೆ ಇಳಿಬಿಟ್ಟು ದಿನದಿನಕ್ಕೆ ತುಸು ಮೇಲೆತ್ತುತ್ತ ಹೋಗುವುದು ಇನ್ನೂ ಒಳ್ಳೆಯದು. ಎರಡೂ ಹಸಿದಿರುವ ಹೊತ್ತನ್ನು ಆರಿಸಿ, ಊಟ ಮುಗಿಯುವ ಮೊದಲೇ ಬಟ್ಟೆ ಇಳಿಸಿ. ಒಂದೆರಡು ನಿಮಿಷ ಸಾಕು. ಜನ ತಪ್ಪುವುದು ಇಲ್ಲೇ: ಎಲ್ಲ ಚೆನ್ನಾಗಿ ನಡೆಯುತ್ತಿದೆಯೆಂದು ಇನ್ನಷ್ಟು ಹೊತ್ತು ಬಿಡುತ್ತಾರೆ, ಊಟ ಮುಗಿದ ಬೆಕ್ಕುಗಳಿಗೆ ದಿಟ್ಟಿಸಿ ನೋಡುವುದನ್ನು ಬಿಟ್ಟು ಬೇರೆ ಕೆಲಸ ಉಳಿಯುವುದಿಲ್ಲ. ಬುಸುಗುಟ್ಟುವುದಕ್ಕೆ ನಾನು ಅಷ್ಟು ಹೆದರುವುದಿಲ್ಲ. ಅದು "ದೂರ ನಿಲ್ಲು" ಎಂಬ ಮಾತು, ಮಾತಿಗೆ ಮಾತಿನ ಬೆಲೆ. ಸದ್ದಿಲ್ಲದ ದಿಟ್ಟ ನೋಟ, ನೆಲಕ್ಕೆ ಅಂಟಿದ ಮೈ, ತುದಿ ಮಾತ್ರ ಅಲುಗುವ ಬಾಲ, ಪಕ್ಕಕ್ಕೆ ಚಪ್ಪಟೆಯಾದ ಕಿವಿ, ಇವು ಕಂಡರೆ ಎರಡರ ನಡುವೆ ಒಂದು ರಟ್ಟನ್ನು ಇಳಿಸಿ ನೋಟವನ್ನು ಮುರಿಯಿರಿ, ಮರುದಿನ ಒಂದು ಹೆಜ್ಜೆ ಹಿಂದಿನಿಂದ ಶುರುಮಾಡಿ. ಬೈಯುವುದು, ನೀರೆರಚುವುದು, ತಟ್ಟುವುದು ಕೂಡದು; ಆ ಕಹಿಯನ್ನು ಬೆಕ್ಕು ಎದುರಿನ ಬೆಕ್ಕಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ.

ಜಾಲರಿಯಿಲ್ಲದ ಮೊದಲ ಭೇಟಿಗೆ ಇಬ್ಬರು ಜನ ಬೇಕು, ಒಬ್ಬೊಬ್ಬರ ಕೈಯಲ್ಲಿ ದಾರಕ್ಕೆ ಕಟ್ಟಿದ ಒಂದೊಂದು ಆಟಿಕೆ. ಬೆಕ್ಕುಗಳನ್ನು ಎತ್ತಿ ಹಿಡಿದು ಮುಖಾಮುಖಿ ಮಾಡಿಸುವವರಿದ್ದಾರೆ, ಅದರ ಫಲ ಅವರ ಮುಂಗೈ ಮೇಲೆಯೇ ಕಾಣುತ್ತದೆ. ಆಟವಾದರೆ ಅಟ್ಟುವ ಸರದಿ ಇಬ್ಬರಿಗೂ ಬರುತ್ತದೆ, ಉಗುರು ಒಳಗಿರುತ್ತದೆ, ದನಿ ಇರುವುದಿಲ್ಲ. ಒಂದೇ ಬೆಕ್ಕು ಯಾವಾಗಲೂ ಅಟ್ಟಿ, ಇನ್ನೊಂದು ಯಾವಾಗಲೂ ಅಡಗುತ್ತಿದ್ದರೆ, ಕಿರುಚಾಟ ಕೇಳಿದರೆ ಅದು ಆಟವಲ್ಲ. ಆಗ ಬಿಡಿಸಲು ಕೈ ಹಾಕಬೇಡಿ. ದಿಂಬನ್ನೋ ರಟ್ಟಿನ ಹಾಳೆಯನ್ನೋ ನಡುವೆ ತೂರಿಸಿ. ಕಡಿತವಾದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ವೈದ್ಯರನ್ನು ಕಾಣಿ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿದು ಬ್ಯಾಕ್ಟೀರಿಯಾವನ್ನು ಒಳಗೆ ಬಿಡುವುದರಿಂದ ಮರುದಿನದೊಳಗೆ ಕೈ ಊದಬಹುದು, ರೇಬಿಸ್ ಲಸಿಕೆಯ ಪ್ರಶ್ನೆಯೂ ಇರುತ್ತದೆ.

ಒಟ್ಟಿಗೆ ಬಿಟ್ಟ ಮೇಲೂ ಮನೆಯ ವಸ್ತುಗಳು ಜಗಳ ಹಚ್ಚದಂತೆ ನೋಡಿಕೊಳ್ಳಬೇಕು. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಲಿಟರ್ ಟ್ರೇ ಎಂಬುದು ಎಲ್ಲರೂ ಹೇಳುವ ನಿಯಮ. ರೂಮ್-ಕಿಚನ್‌ನಲ್ಲಿ ಮೂರು ಟ್ರೇ ಇಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಎರಡೇ ಇರಲಿ, ಆದರೆ ಒಂದರ ಪಕ್ಕ ಒಂದಲ್ಲ, ಒಂದು ಬೆಕ್ಕು ಒಂದೇ ಕಡೆ ಕುಳಿತು ಎರಡನ್ನೂ ಕಾಯಲಾಗದಷ್ಟು ದೂರದಲ್ಲಿ. ನೆಲ ಕಡಿಮೆಯಿದ್ದರೂ ನಮ್ಮ ಮನೆಗಳಲ್ಲಿ ಗೋಡೆಯಿದೆ, ಬಾತ್‌ರೂಮಿನ ಮೇಲೆ ಮಾಳಾ, ಅಂದರೆ ಅಟ್ಟ, ಇದೆ. ಹಳೆಯ ಸೂಟ್‌ಕೇಸು, ಗಣಪತಿಯ ಮಂಟಪದ ಸಾಮಾನುಗಳನ್ನು ತುಸು ಒತ್ತರಿಸಿ ಮಾಳಾದಲ್ಲಿ ಒಂದು ಮಡಿಸಿದ ಕಂಬಳಿಯಷ್ಟು ಜಾಗ ಮಾಡಿ, ಹತ್ತಿಳಿಯಲು ಕಪಾಟಿನ ಮೇಲಿಂದ ಎರಡು ದಾರಿ ಕೊಟ್ಟರೆ ಮನೆ ಬೆಕ್ಕುಗಳ ಪಾಲಿಗೆ ದೊಡ್ಡದಾಗುತ್ತದೆ. ಒಂದೇ ದಾರಿಯಿದ್ದರೆ ಮೇಲಿದ್ದದ್ದು ಸಿಕ್ಕಿಬೀಳುತ್ತದೆ.

ಹೊಸದರ ಮೇಲೆಯೇ ಎಲ್ಲರ ಕಣ್ಣಿರುವ ಈ ದಿನಗಳಲ್ಲಿ ಹಳೆಯ ಬೆಕ್ಕನ್ನು ಗಮನಿಸಲು ಮರೆಯಬೇಡಿ. ಗಂಡು ಬೆಕ್ಕು ಟ್ರೇಗೆ ಪದೇಪದೇ ಹೋಗಿ ತಿಣುಕಿ, ಹನಿ ಮೂತ್ರವೂ ಬಾರದೆ ಹಿಂದಿರುಗುತ್ತಿದ್ದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಆತಂಕದಿಂದ ಮೂತ್ರಕೋಶ ಉರಿಗೊಂಡು ದಾರಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಎರಡು ಮೂರು ದಿನ ಊಟ ಬಿಟ್ಟ ಬೆಕ್ಕಿಗೆ, ಅದರಲ್ಲೂ ದಪ್ಪಗಿರುವ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬುವ ಕಾಯಿಲೆ ಬರಬಹುದು. "ಮುನಿಸಿಕೊಂಡಿದೆ, ಹಸಿವಾದರೆ ತಾನೇ ತಿನ್ನುತ್ತದೆ" ಎಂಬ ಮಾತನ್ನು ನಾನು ಕೇಳಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ.

ಪ್ರಶ್ನೆಗಳ ವೇಳೆಯಲ್ಲಿ ಹಿರಿಯರೊಬ್ಬರು, ಇದಕ್ಕೆಲ್ಲ ಒಟ್ಟು ಎಷ್ಟು ದಿನ ಎಂದು ಕೇಳಿದರು. ಮರಿಯಾದರೆ ಕೆಲವು ವಾರ, ವಯಸ್ಕ ಬೆಕ್ಕುಗಳಾದರೆ ಕೆಲವು ತಿಂಗಳು. ಕ್ಯಾಲೆಂಡರ್ ನೋಡಿ ಹಂತ ಬದಲಿಸಬೇಡಿ, ಬೆಕ್ಕು ನೋಡಿ ಬದಲಿಸಿ. ಎರಡೂ ತಬ್ಬಿಕೊಂಡು ಮಲಗಬೇಕೆಂದು ಹಟ ಹಿಡಿಯುವವರಿಗೆ ನನ್ನ ಕಿವಿಮಾತು: ಒಂದೇ ಕೋಣೆಯಲ್ಲಿ ಬೆನ್ನು ಹಾಕಿಕೊಂಡು ನಿದ್ದೆ ಮಾಡಿದರೆ ಅದೇ ಪೂರ್ಣ ಯಶಸ್ಸು. ತಿಂಗಳುಗಳ ನಂತರವೂ ರಕ್ತ ಬರುವಂತೆ ಕಾದಾಡುವ ಜೋಡಿಗಳೂ ಇವೆ. ಅಂಥ ಮನೆಯಲ್ಲಿ ಪಾಳಿಯ ಏರ್ಪಾಟನ್ನೇ ಕಾಯಂ ಮಾಡಿಕೊಳ್ಳಿ, ಆಗದಿದ್ದರೆ ಒಂದಕ್ಕೆ ಒಳ್ಳೆಯ ಮನೆ ಹುಡುಕಿ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಸಾಕಿದ ಬೆಕ್ಕನ್ನು ತಂದು ಬೀದಿಗೆ ಬಿಡುವುದು ಮಾತ್ರ ಕೂಡದು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅದು ಅಪರಾಧವೂ ಹೌದು.

ಪ್ಲಗ್‌ಗೆ ಸಿಕ್ಕಿಸುವ ಫೆರೊಮೋನ್ ಯಂತ್ರ ಕೊಳ್ಳಬೇಕೇ ಎಂದು ಒಬ್ಬ ಯುವಕರು ಕೇಳಿದರು. ಬೆಕ್ಕಿನ ಕೆನ್ನೆಯ ವಾಸನೆಯನ್ನು ಹೋಲುವ ದ್ರವ್ಯ ಅದು, ಕೆಲವು ಮನೆಗಳಲ್ಲಿ ತುಸು ನೆರವಾಗುತ್ತದೆ. ಆದರೆ ಕಿಟಕಿ ತೆರೆದು ಫ್ಯಾನ್ ಹಾಕಿದ ಮುಂಬಯಿ ಮನೆಯಲ್ಲಿ ಅದು ಎಷ್ಟು ಹೊತ್ತು ನಿಂತೀತು? ಆ ಹಣಕ್ಕೆ ನಾನಾದರೆ ಇನ್ನೊಂದು ಟ್ರೇಯನ್ನೂ ಬಡಗಿಯಿಂದ ಎರಡು ಹಲಗೆಗಳನ್ನೂ ಹಾಕಿಸಿಕೊಳ್ಳುತ್ತೇನೆ.

ಕೊನೆಯ ಪ್ರಶ್ನೆ ಮಹಿಳೆಯೊಬ್ಬರದು. ವರ್ಷಗಟ್ಟಲೆ ಹೊಂದಿಕೊಂಡಿದ್ದ ಎರಡು ಬೆಕ್ಕುಗಳಲ್ಲಿ ಒಂದನ್ನು ಆಪರೇಷನ್ ಮಾಡಿಸಿ ತಂದೊಡನೆ ಇನ್ನೊಂದು ಅದರ ಮೇಲೆ ಎರಗಿತಂತೆ, ಇದೇಕೆ ಎಂದು ಕೇಳಿದರು. ಆಸ್ಪತ್ರೆಯಿಂದ ಬಂದ ಬೆಕ್ಕಿನ ಮೈಮೇಲೆ ಸ್ಪಿರಿಟ್, ಅರಿವಳಿಕೆ, ಬೇರೆ ಪ್ರಾಣಿಗಳ ವಾಸನೆಯಿರುತ್ತದೆ, ತನ್ನ ವಾಸನೆ ಅಳಿಸಿಹೋಗಿರುತ್ತದೆ, ನಡಿಗೆಯೂ ತೂರಾಡುತ್ತಿರುತ್ತದೆ. ಮನೆಯಲ್ಲಿದ್ದದ್ದಕ್ಕೆ ಅದು ಅಪರಿಚಿತವೇ. ಬಂದದ್ದನ್ನು ಒಂದು ರಾತ್ರಿ ಬೇರೆಯಾಗಿಟ್ಟು, ಅದು ಸದಾ ಮಲಗುವ ಬಟ್ಟೆಯನ್ನೇ ಹಾಸಿ, ಮರುದಿನ ಟವೆಲಿನ ಪಾಠವನ್ನು ಚುಟುಕಾಗಿ ಮತ್ತೊಮ್ಮೆ ನಡೆಸಿ. ತಪಾಸಣೆ, ಲಸಿಕೆಯಂಥ ಕೆಲಸಗಳಿಗಾದರೆ ಎರಡನ್ನೂ ಬೇರೆ ಬೇರೆ ಬುಟ್ಟಿಯಲ್ಲಿ ಒಂದೇ ದಿನ ಕರೆತನ್ನಿ. ಇಬ್ಬರ ಮೈಗೂ ಒಂದೇ ವಾಸನೆ ಹತ್ತುತ್ತದೆ, ನಿಮಗೆ ಒಂದು ಸಲದ ರಿಕ್ಷಾ ಬಾಡಿಗೆಯೂ ಉಳಿಯುತ್ತದೆ.